ಆಂಟನ್ ಶ್ಮಿಡ್: ಹಿಟ್ಲರ್ ಸೇನೆಯಲ್ಲಿದ್ದುಕೊಂಡೇ ಘೆಟ್ಟೋ ಹೋರಾಟಗಾರರನ್ನ ಲಾರಿ ಹತ್ತಿಸಿದ ವಿಯೆನ್ನಾ ಸಾರ್ಜೆಂಟ್ (ಚರ್ಚೆ)

ಹಳೇಪುಟ ಬರೆದದ್ದು:

ಎರಡನೇ ಮಹಾಯುದ್ಧದಲ್ಲಿ ಯಹೂದಿಗಳನ್ನ ಉಳಿಸಿದವರು ಅಂದ್ರೆ ನಮ್ಮಲ್ಲಿ ಎಲ್ರೂ ಶಿಂಡ್ಲರ್ ಹೆಸರು ಹೇಳ್ತಾರೆ, ಆದ್ರೆ ಆಂಟನ್ ಶ್ಮಿಡ್ ಬಗ್ಗೆ ಕನ್ನಡದಲ್ಲಿ ಓದಿದವರು ತುಂಬಾ ಕಮ್ಮಿ ಅನ್ಸುತ್ತೆ, ಅದಕ್ಕೇ ಈ ಥ್ರೆಡ್ ಶುರು ಮಾಡ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

1900ರ ಜನವರಿಯಲ್ಲಿ ವಿಯೆನ್ನಾದಲ್ಲಿ ಹುಟ್ಟಿದ್ದು. ಅಪ್ಪ ಬೇಕರಿ ಕೆಲಸದವರು, ಕ್ಯಾಥೊಲಿಕ್ ಮನೆ. ಕಲ್ತಿದ್ದು ಎಲೆಕ್ಟ್ರಿಷಿಯನ್ ಕೆಲಸ, ಆಮೇಲೆ ಸ್ವಂತ ರೇಡಿಯೋ ಅಂಗಡಿ ಇಟ್ಕೊಂಡ, ಹೆಂಡತಿ ಸ್ಟೆಫಾನಿ, ಒಬ್ಳು ಮಗಳು. ರಾಜಕೀಯ ಪಕ್ಷ, ಭಾಷಣ ಅದೆಲ್ಲ ಏನೂ ಇಲ್ಲ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾನ ನುಂಗಿ ಹಾಕಿದ ಮೇಲೆ ಪರಿಚಯದ ಒಂದಷ್ಟು ಯಹೂದಿಗಳಿಗೆ ಗಡಿ ದಾಟಿ ಚೆಕೊಸ್ಲೊವಾಕಿಯಾಕ್ಕೆ ಹೋಗೋಕೆ ಸಹಾಯ ಮಾಡಿದ್ದ, ಅಂದ್ರೆ ವಿಲ್ನಾಗೆ ಹೋದ್ಮೇಲೆ ಇದ್ದಕ್ಕಿದ್ದಂಗೆ ಮನಸ್ಸು ಬದಲಾಗಿದ್ದಲ್ಲ, ಮೊದಲಿಂದಾನೂ ಅವನು ಹಾಗೇ ಇದ್ದೋನು.

ಯುದ್ಧ ಬಂತು, ಸೇನೆಗೆ ಕರ್ಕೊಂಡ್ರು, ವಯಸ್ಸು 40ರ ಆಸುಪಾಸು ಅಂತ ಮುಂಚೂಣಿಗೆ ಕಳಿಸ್ಲಿಲ್ಲ. 1941ರ ಬೇಸಿಗೆ ಮುಗಿಯೋ ಹೊತ್ತಿಗೆ ಲಿಥುವೇನಿಯಾದ ವಿಲ್ನಾದಲ್ಲಿ, ಅಂದ್ರೆ ಈಗಿನ ವಿಲ್ನಿಯಸ್‌ನಲ್ಲಿ ಒಂದು ಆಫೀಸು ಕೊಟ್ರು. ತಮ್ಮ ತುಕಡಿಯಿಂದ ತಪ್ಪಿಸ್ಕೊಂಡು ದಾರಿಬಿಟ್ಟ ಸೈನಿಕರನ್ನ ಒಂದ್ಕಡೆ ಸೇರಿಸಿ, ಕಾಗದಪತ್ರ ಮಾಡ್ಕೊಟ್ಟು ವಾಪಸ್ ಅವರವರ ಜಾಗಕ್ಕೆ ಕಳಿಸೋ ಆಫೀಸು. ಜೊತೆಗೆ ಸೇನೆಗೆ ಬೇಕಾದ ಮರಗೆಲಸ, ಕುರ್ಚಿ ಹಾಸಿಗೆ ರಿಪೇರಿ ಮಾಡೋ ವರ್ಕ್‌ಶಾಪ್‌ಗಳು. ಕೆಲಸ ಮಾಡೋರು ಘೆಟ್ಟೋದ, ಅಂದ್ರೆ ಜರ್ಮನ್ನರು ಯಹೂದಿಗಳನ್ನ ಕೂಡಿಹಾಕಿದ್ದ ಕೇರಿಯ ಯಹೂದಿಗಳು.

ಆ ಊರಲ್ಲಿ ಆಗ ಏನ್ ನಡೀತಿತ್ತು ಅಂತ ಗೊತ್ತಿಲ್ದೆ ಇವನು ಮಾಡಿದ್ದು ಅರ್ಥ ಆಗಲ್ಲ. ಊರಾಚೆ ಪೊನಾರಿ ಅಂತ ಕಾಡು, ಪೆಟ್ರೋಲ್ ಟ್ಯಾಂಕ್ ಇಡೋಕೆ ಅಂತ ಸೋವಿಯತ್‌ನವರು ತೋಡಿಟ್ಟಿದ್ದ ದೊಡ್ಡ ದೊಡ್ಡ ಗುಂಡಿಗಳಿದ್ವು. ಜುಲೈನಿಂದಲೇ ಜನರನ್ನ ಅಲ್ಲಿಗೆ ನಡೆಸ್ಕೊಂಡು ಹೋಗಿ ಗುಂಡಿಕ್ಕೋಕೆ ಶುರು ಮಾಡಿದ್ರು. ಸೆಪ್ಟೆಂಬರ್ 6ಕ್ಕೆ ಎರಡು ಘೆಟ್ಟೋ ಮಾಡಿದ್ರು, ಅಕ್ಟೋಬರ್ ಮುಗಿಯೋದ್ರೊಳಗೆ ಎರಡನೇ ಘೆಟ್ಟೋ ಖಾಲಿ. ವರ್ಷದ ಕೊನೆಗೆ ಊರಿನ ಯಹೂದಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಇರ್ಲೇ ಇಲ್ಲ. ಇದರ ಬಗ್ಗೆ ಶ್ಮಿಡ್ ಹೆಂಡತಿಗೆ ಬರೆದ ಕಾಗದ ಇದೆ, ಮಕ್ಕಳನ್ನ ಹೇಗೆ ಕೊಂದ್ರು ಅಂತ ಬರ್ದಿದಾನೆ, ಅದನ್ನ ಇಲ್ಲಿ ಟೈಪ್ ಮಾಡೋಕೆ ನನಗೆ ಆಗಲ್ಲ.

ಬದುಕಬೇಕು ಅಂದ್ರೆ ಹಳದಿ ಬಣ್ಣದ ಒಂದು ಕೆಲಸದ ಚೀಟಿ ಬೇಕಿತ್ತು. ಇಡೀ ಊರಿಗೆ ಕೊಟ್ಟಿದ್ದು 3,000 ಚೀಟಿ ಮಾತ್ರ. ಒಂದು ಚೀಟಿ ಇದ್ರೆ ಗಂಡ ಹೆಂಡತಿ, 16 ವರ್ಷದೊಳಗಿನ ಇಬ್ರು ಮಕ್ಕಳು ಸದ್ಯಕ್ಕೆ ಬಚಾವ್. ಶ್ಮಿಡ್ ತನ್ನ ವರ್ಕ್‌ಶಾಪ್ ಹೆಸರಲ್ಲಿ ಎಷ್ಟಾಗುತ್ತೋ ಅಷ್ಟು ಚೀಟಿ ತಗೊಂಡ, ಹಿಡಿದು ಜೈಲಿಗೆ ಹಾಕಿದ್ದ ತನ್ನ ಕೆಲಸಗಾರರನ್ನ ಬಿಡಿಸ್ಕೊಂಡು ಬಂದ, ಚೀಟಿ ಸಿಗದೇ ಇರೋರನ್ನ ಸೇನೆ ಲಾರಿಯಲ್ಲಿ ಕೂರಿಸಿ ಲಿಡಾ, ಗ್ರೋಡ್ನೊ, ಬಿಯಾಲಿಸ್ಟಾಕ್ ಕಡೆಗೆ ಸಾಗಿಸಿದ, ಯಾಕಂದ್ರೆ ಆಗಿನ್ನೂ ಆ ಕಡೆ ವಿಲ್ನಾದಷ್ಟು ಕೊಲೆ ನಡೀತಿರ್ಲಿಲ್ಲ. ಹೀಗೆ ಸುಮಾರು 300 ಜನ. ಒಬ್ಬ ಯಹೂದಿ ಯುವಕನಿಗಂತೂ ಜರ್ಮನ್ ಸೈನಿಕನ ಸಮವಸ್ತ್ರ, ಸೈನಿಕನ ಕಾಗದಪತ್ರ ಕೊಟ್ಟು ತನ್ನ ಆಫೀಸಲ್ಲೇ ಕೂರಿಸ್ಕೊಂಡಿದ್ದ!

1942ರ ಶುರುವಲ್ಲಿ ಸಿಕ್ಕಿಬಿದ್ದ. ಫೆಬ್ರವರಿ 25ಕ್ಕೆ ಸೇನಾ ಕೋರ್ಟು ಮರಣದಂಡನೆ ಕೊಡ್ತು, ಏಪ್ರಿಲ್ 13ಕ್ಕೆ ಗುಂಡಿಕ್ಕಿ ಕೊಂದ್ರು. ನಾನು ಮನುಷ್ಯನಾಗಿ ನಡ್ಕೊಂಡೆ ಅಷ್ಟೇ, ಯಾರಿಗೂ ನೋವು ಮಾಡೋ ಮನಸ್ಸಿರ್ಲಿಲ್ಲ ಅಂತ ಹೆಂಡತಿಗೆ ಕೊನೇ ಕಾಗದದಲ್ಲಿ ಬರ್ದಿದಾನೆ.

ನಿಮಗೆಲ್ಲ ಏನನ್ಸುತ್ತೆ ಹೇಳಿ. ಹೋರಾಟಗಾರರ ಜೊತೆ ಅವನಿಗಿದ್ದ ಸಂಬಂಧದ ಬಗ್ಗೆ ಕೆಳಗೆ ಬರೀತೀನಿ, ನನ್ನ ಪ್ರಕಾರ ಅದೇ ಮುಖ್ಯ.

ನೇರಮಾತು ಬರೆದದ್ದು:

ಒಳ್ಳೆ ಬರಹ ಬ್ರೋ. ಆದ್ರೆ ಒಂದು ಪ್ರಶ್ನೆ, ಬೇಜಾರ್ ಮಾಡ್ಕೋಬೇಡಿ. ಹತ್ತಾರು ಸಾವಿರ ಜನ ಸತ್ತ ಊರಲ್ಲಿ 300 ಜನ, ಅದ್ರಲ್ಲೂ ಅವರನ್ನ ಕರ್ಕೊಂಡು ಹೋಗಿದ್ದು ಇನ್ನೊಂದು ಘೆಟ್ಟೋಗೆ. 1942ರ ಮೇ 8ಕ್ಕೆ ಲಿಡಾದಲ್ಲೂ ಸಾವಿರಾರು ಜನರನ್ನ ಕೊಂದ್ರಲ್ಲ? ಹಾಗಾದ್ರೆ ಉಳಿಸಿದ್ದು ಅನ್ನೋದಾ ಇಲ್ಲ ಕೆಲವು ತಿಂಗಳು ಮುಂದೂಡಿದ್ದು ಅನ್ನೋದಾ? ಮತ್ತೆ ಆ ವರ್ಕ್‌ಶಾಪ್‌ನಲ್ಲಿ ತಯಾರಾಗ್ತಿದ್ದ ಸಾಮಾನು ಹೋಗ್ತಿದ್ದಿದ್ದು ಹಿಟ್ಲರನ ಸೇನೆಗೇ ತಾನೆ.

ಮಾಜಿ_ಹವಾಲ್ದಾರ್ ಬರೆದದ್ದು:

ನಾನು ಸೇನೆಯಲ್ಲಿದ್ದು ರಿಟೈರ್ ಆದವನು, ಹಾಸನ ಜಿಲ್ಲೆ. ಹಳೇಪುಟ ಅವ್ರೇ, ಈ ಶ್ಮಿಡ್ ರ‍್ಯಾಂಕ್ ಫೆಲ್ಡ್‌ವೆಬೆಲ್, ಅಂದ್ರೆ ಹೆಚ್ಚು ಕಮ್ಮಿ ನಮ್ಮ ಹವಾಲ್ದಾರ್ ಇದ್ದಂಗೆ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ ಓದೋರು ಅವನನ್ನ ದೊಡ್ಡ ಆಫೀಸರ್ ಅಂದ್ಕೋಬಾರ್ದು. ಹವಾಲ್ದಾರ್ ಕೈಯಲ್ಲಿ ಅಧಿಕಾರ ಅಂತ ದೊಡ್ಡದೇನಿರಲ್ಲ, ಆದ್ರೆ ರಿಜಿಸ್ಟರ್ ಇರುತ್ತೆ, ಸೀಲ್ ಇರುತ್ತೆ, ಗಾಡಿ ಹೊರಗೆ ಹೋಗೋಕೆ ಬೇಕಾದ ಕಾಗದ ಇರುತ್ತೆ. ಗೇಟಲ್ಲಿ ನಿಂತ ಸೆಂಟ್ರಿ ಕಾಗದ ನೋಡ್ತಾನೆ, ಸೀಲ್ ಸರಿ ಇದ್ರೆ ಬಿಡ್ತಾನೆ, ಲಾರಿ ಹಿಂದೆ ಟಾರ್ಪಾಲ್ ಎತ್ತಿ ಯಾರಿದಾರೆ ಅಂತ ಪ್ರತಿ ಸಲ ನೋಡೋಕೆ ಹೋಗಲ್ಲ. ದಾರಿತಪ್ಪಿದ ಸೈನಿಕರ ಆಫೀಸು ಅಂದ್ರೆ ಇನ್ನೂ ಅನುಕೂಲ, ಅಲ್ಲಿ ದಿನಾ ಹೊಸ ಮುಖ ಬರ್ತಾ ಇರುತ್ತೆ, ಹೋಗ್ತಾ ಇರುತ್ತೆ, ಪೇಪರ್ ಕಳ್ಕೊಂಡಿದೀನಿ ಅಂತ ಬಂದವನಿಗೆ ಹೊಸ ಪೇಪರ್ ಮಾಡಿಕೊಡೋದೇ ಆ ಆಫೀಸಿನ ಕೆಲಸ. ಆ ಯಹೂದಿ ಹುಡುಗನಿಗೆ ಸಮವಸ್ತ್ರ ಹಾಕಿ ಕೂರಿಸಿದ್ದು ಅಲ್ಲಿ ಬಿಟ್ರೆ ಬೇರೆ ಎಲ್ಲೂ ಆಗ್ತಿರ್ಲಿಲ್ಲ.

ಇನ್ನೊಂದು ವಿಷಯ. ಅವನು ಪ್ರಮಾಣ ಮುರಿದ, ದ್ರೋಹ ಮಾಡಿದ ಅಂತ ಕೆಲವರು ಹೇಳ್ತಾರೆ. ನಾವು ಪ್ರಮಾಣ ತಗೊಂಡಿದ್ದು ಸಂವಿಧಾನಕ್ಕೆ ನಿಷ್ಠರಾಗಿ ಇರ್ತೀವಿ ಅಂತ. ಜರ್ಮನ್ ಸೈನಿಕರ ಹತ್ರ 1934ರ ಆಗಸ್ಟ್‌ನಿಂದ ತಗೊಂಡಿದ್ದು ಹಿಟ್ಲರ್ ಅನ್ನೋ ಒಬ್ಬ ವ್ಯಕ್ತಿಗೆ, ಹೆಸರು ಹೇಳಿ. ಸೈನಿಕನಾಗಿ ಬದುಕಿದವನಾಗಿ ಹೇಳ್ತೀನಿ, ಕೈಯಲ್ಲಿ ಆಯುಧ ಇಲ್ಲದ ಹೆಂಗಸರು ಮಕ್ಕಳನ್ನ ಗುಂಡಿ ಹತ್ರ ನಿಲ್ಲಿಸಿ ಹೊಡೆಯೋದು ಯಾವ ಸೇನೆಯ ಕೆಲಸಾನೂ ಅಲ್ಲ, ಆ ಕೆಲಸಕ್ಕೆ ಅಡ್ಡಿ ಮಾಡಿದವನು ಸಮವಸ್ತ್ರಕ್ಕೆ ಅವಮಾನ ಮಾಡಿಲ್ಲ.

ಕಡಲತೀರ_ಮಂಗ್ಳೂರು ಬರೆದದ್ದು:

ಹವಾಲ್ದಾರ್ ಸರ್, ನೀವು ಬರೆದದ್ದು ಓದಿ ಮೈ ಜುಮ್ಮೆಂದಿತು. ನಾವು ಕ್ಯಾಥೊಲಿಕರು, ಹಾಗಾಗಿ ಈ ಕಥೆಯಲ್ಲಿ ನಂಗೆ ತುಂಬಾ ಹತ್ತಿರ ಆಗುವ ಒಂದೆರಡು ವಿಷಯ ಉಂಟು, ಹೇಳ್ತೇನೆ.

ವಿಲ್ನಾದಲ್ಲಿ ಒಸ್ತ್ರಾ ಬ್ರಾಮಾ ಅಂತ ಹಳೇ ಕೋಟೆ ಬಾಗಿಲು ಉಂಟು, ಅದರ ಮೇಲೆ ಮಾತೆ ಮರಿಯಳ ಚಿತ್ರ ಇರುವ ಚಾಪೆಲ್. ಪೋಲೆಂಡ್, ಲಿಥುವೇನಿಯಾ ಎರಡೂ ಕಡೆಯವರಿಗೆ ದೊಡ್ಡ ಯಾತ್ರಾಸ್ಥಳ ಅದು, ರಸ್ತೆಯಲ್ಲೇ ಜನ ಮೊಣಕಾಲೂರಿ ಪ್ರಾರ್ಥನೆ ಮಾಡ್ತಾರೆ. ಅಲ್ಲಿಯ ಕಾರ್ಮೆಲೈಟ್ ಮಠದ ಮುಖ್ಯಸ್ಥ ಫಾದರ್ ಯಹೂದಿಗಳಿಗೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಬರೆದು ಕೊಡ್ತಾ ಇದ್ರು, ಕಾಗದದಲ್ಲಿ ಕ್ರೈಸ್ತರು ಅಂತ ಇದ್ರೆ ಜೀವ ಉಳೀಬಹುದು ಅಂತ. ಕರ್ಫ್ಯೂ ಹೊತ್ತಲ್ಲಿ ಘೆಟ್ಟೋ ಹೊರಗೆ ಸಿಕ್ಕಿಬಿದ್ದು ನಡುಗ್ತಾ ನಿಂತಿದ್ದ ಒಬ್ಬಳು ಯುವತಿಯನ್ನು ಶ್ಮಿಡ್ ತನ್ನ ಕ್ವಾರ್ಟರ್ಸ್‌ಗೆ ಕರ್ಕೊಂಡು ಹೋಗಿ ಅಡಗಿಸಿಟ್ಟು, ಆ ಫಾದರ್ ಹತ್ರ ಕಾಗದ ಮಾಡಿಸಿ, ಆಮೇಲೆ ತನ್ನ ಆಫೀಸಲ್ಲೇ ಟೈಪಿಸ್ಟ್ ಕೆಲಸ ಕೊಟ್ಟದ್ದು. ಒಬ್ಬ ಸೈನಿಕ, ಒಬ್ಬ ಪಾದ್ರಿ, ಇಬ್ಬರೂ ಒಂದೇ ಹುಡುಗಿಯ ಸಲುವಾಗಿ ಪ್ರಾಣ ಪಣಕ್ಕಿಟ್ರಲ್ವಾ ಮಾರಾಯ್ರೆ.

ಊರ ಹೊರಗೆ ಡೊಮಿನಿಕನ್ ಸಿಸ್ಟರ್‌ಗಳ ಸಣ್ಣ ಕಾನ್ವೆಂಟ್ ಕೂಡ ಇತ್ತು, ಮದರ್ ಹೆಸರು ಆನ್ನಾ ಬೊರ್ಕೊವ್ಸ್ಕಾ. ಯಹೂದಿ ಯುವಸಂಘದ ಹುಡುಗ ಹುಡುಗಿಯರು 17 ಮಂದಿಯನ್ನು ಅಡಗಿಸಿಟ್ಟದ್ದು ಅವರು. ಅವರಲ್ಲೊಬ್ಬ ಅಬ್ಬಾ ಕೊವ್ನರ್, ಕವಿ. ಸಿಸ್ಟರ್‌ಗಳ ಬಟ್ಟೆ ಹಾಕಿಕೊಂಡು ತೋಟದ ಕೆಲಸ ಮಾಡ್ತಿದ್ರಂತೆ ಆ ಹುಡುಗರು. ಆಮೇಲೆ ಅವರು ಹೋರಾಡ್ಲಿಕ್ಕೆ ಅಂತ ಘೆಟ್ಟೋಗೆ ವಾಪಸ್ ಹೋದಾಗ ಇದೇ ಮದರ್ ಒಳಗೆ ಗ್ರೆನೇಡ್ ತಂದುಕೊಟ್ಟಿದ್ದಾರೆ!! ಇವರನ್ನು ಇಸ್ರೇಲ್‌ನ ಯಹೂದಿ ಹತ್ಯಾಕಾಂಡದ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ನವರು ಗುರುತಿಸಿ ಗೌರವ ಕೊಟ್ಟದ್ದು 1984ರಲ್ಲಿ. ಶ್ಮಿಡ್ ಒಬ್ಬರೇ ಅಲ್ಲ, ಆ ಊರಲ್ಲಿ ಇಂಥವರು ಇನ್ನೂ ಕೆಲವರು ಇದ್ರು ಅಂತ ಹೇಳ್ಲಿಕ್ಕೆ ಬರೆದದ್ದು.

ಮಲಪ್ರಭಾ ಬರೆದದ್ದು:

ಮಂಗ್ಳೂರಿನವರು ಬರೆದದ್ದು ಖರೆ ಅದ, ಆದ್ರ ಚರ್ಚಿನ ದೊಡ್ಡವರ ಕಥಿನೂ ಇಲ್ಲಿ ಬರ್ಬೇಕ್ರಿ, ಇಲ್ಲಂದ್ರ ಶ್ಮಿಡ್ ಎಷ್ಟು ಒಂಟಿಯಾಗಿದ್ದ ಅನ್ನೂದು ತಿಳಿಯೂದಿಲ್ಲ. ನಾ ಹೈಸ್ಕೂಲಿನ್ಯಾಗ ಇತಿಹಾಸ ಕಲಿಸ್ತೀನಿ, ಹಂಗಾಗಿ ಇದರ ಬಗ್ಗೆ ಸ್ವಲ್ಪ ಓದ್ಕೊಂಡೀನಿ. 1938ರ ಮಾರ್ಚ್‌ನ್ಯಾಗ ಆಸ್ಟ್ರಿಯಾನ ಜರ್ಮನಿ ಸೇರಿಸ್ಕೊಂಡಾಗ ವಿಯೆನ್ನಾದ ಕಾರ್ಡಿನಲ್ ಇನ್ನಿಟ್ಸರ್ ಮತ್ತ ಬಿಷಪ್ಪರು ಅದಕ್ಕ ಬೆಂಬಲ ಕೊಟ್ಟು ಹೇಳಿಕೆ ಹೊರಡಿಸಿದ್ರು, ಕಾರ್ಡಿನಲ್ಲು ಸಹಿ ಮಾಡೂ ಮುಂದ ತಮ್ಮ ಕೈಲೆ ಹೈಲ್ ಹಿಟ್ಲರ್ ಅಂತ ಬರದ್ರು. ಆರ ತಿಂಗಳಿಗೆ ಅಕ್ಟೋಬರ್‌ನ್ಯಾಗ ಅದೇ ನಾಜಿ ಹುಡುಗ್ರು ಅವರ ಅರಮನಿಗೆ ನುಗ್ಗಿ ಕಿಡಕಿ ಒಡದು ಹಾಳ ಮಾಡಿದ್ರು ಅನ್ನೂದೂ ಖರೆ. ಅಂದ್ರ ಶ್ಮಿಡ್ ನಂಬಿದ್ದ ಚರ್ಚಿನ ಹಿರ್ಯಾರು ಅವಗ ಹಿಂಗ ಮಾಡು ಅಂತ ಎಂದೂ ಹೇಳಲಿಲ್ರಿ.

ಆಸ್ಟ್ರಿಯಾದಾಗ ಫ್ರಾಂಟ್ಸ್ ಯೇಗರ್‌ಶ್ಟೆಟರ್ ಅಂತ ಇನ್ನೊಬ್ಬ ಕ್ಯಾಥೊಲಿಕ್ ರೈತ ಇದ್ದ. ಹಿಟ್ಲರನ ಸೇನೆಗೆ ಬಂದು ನಾ ಹೋರಾಡೂದಿಲ್ಲ, ಇದು ಪಾಪದ ಯುದ್ಧ ಅಂತ ಸ್ಪಷ್ಟ ಹೇಳಿಬಿಟ್ಟ. ಬಿಷಪ್ಪರೇ ಅವಗ ನಿನಗ ಹೆಂಡ್ತಿ ಮಕ್ಕಳದಾರ, ಅವರನ್ನ ನೋಡ್ಕೋ ಅಂತ ಬುದ್ಧಿ ಹೇಳಿದ್ರು. ಕೇಳಲಿಲ್ಲ. 1943ರ ಆಗಸ್ಟ್ 9ಕ್ಕ ತಲಿ ತಗದ್ರು. 2007ರಾಗ ಅದೇ ಚರ್ಚು ಅವನನ್ನ ಪುನೀತ ಅಂತ ಸಾರಿತು. ಯೇಗರ್‌ಶ್ಟೆಟರ್ ಹೊರಗ ನಿಂತು ಇಲ್ಲ ಅಂದ, ಶ್ಮಿಡ್ ಒಳಗ ನಿಂತು ಹೂಂ ಅನಕೋತ ಬ್ಯಾರೆ ಕೆಲಸ ಮಾಡ್ದ. ಯಾವುದು ದೊಡ್ಡದು ಅಂತ ನಾ ತೂಗಾಕ ಹೋಗೂದಿಲ್ಲ, ಆದ್ರ ವಿಲ್ನಾದ ಆ ಮನಷ್ಯಾರಿಗೆ ಬೇಕಾಗಿದ್ದು ಒಳಗಿದ್ದವನು, ಲಾರಿ ಇದ್ದವನು.

ನೇರಮಾತು ಬರೆದದ್ದು:

ಮಲಪ್ರಭಾ ಮೇಡಂ, ಚರ್ಚ್ ಬಗ್ಗೆ ಹೇಳಿದ್ದು ಸರಿಯಾಗಿದೆ. ಆದ್ರೂ ನನ್ನ ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅವನ ಮನಸ್ಸು ಒಳ್ಳೇದು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ, ಅದ್ರಿಂದ ಆಗಿದ್ದೇನು ಅಂತ ಕೇಳ್ತಿದೀನಿ.

ಹಳೇಪುಟ ಬರೆದದ್ದು:

ನೇರಮಾತು, ನಿಮ್ಮ ಪ್ರಶ್ನೆ ನ್ಯಾಯವಾಗಿದೆ, ನಾನು ಈ ಥ್ರೆಡ್ ಶುರು ಮಾಡಿದ್ದೇ ಅದಕ್ಕೆ. 300 ಅನ್ನೋ ಲೆಕ್ಕ ಇಟ್ಕೊಂಡು ಶ್ಮಿಡ್‌ನ ಅಳೆದ್ರೆ ಅರ್ಧ ಕಥೆ ಬಿಟ್ಟುಹೋಗುತ್ತೆ.

1941ರ ಕೊನೆಗೆ ವಾರ್ಸಾದಲ್ಲಿ, ಬಿಯಾಲಿಸ್ಟಾಕ್‌ನಲ್ಲಿ ಇದ್ದ ಯಹೂದಿಗಳಿಗೆ ಹಸಿವಿತ್ತು, ಟೈಫಸ್ ಇತ್ತು, ಹೊಡೆತ ಬಡಿತ ಇತ್ತು, ಆದ್ರೆ ಇಡೀ ಜನಾಂಗಾನೇ ಮುಗಿಸ್ತಾರೆ ಅನ್ನೋದು ಯಾರ ತಲೆಯಲ್ಲೂ ಇರ್ಲಿಲ್ಲ, ಹೇಳಿದ್ರೂ ನಂಬ್ತಿರ್ಲಿಲ್ಲ. ವಿಲ್ನಾದವರು ಮಾತ್ರ ಪೊನಾರಿ ಗುಂಡಿಯಿಂದ ಗಾಯ ಆಗಿ ತೆವಳಿಕೊಂಡು ವಾಪಸ್ ಬಂದವರ ಬಾಯಿಂದ ಕೇಳಿದ್ರು. ಈ ಸುದ್ದಿ ಹೊರಗೆ ಹೋಗ್ಬೇಕು, ಆದ್ರೆ ಘೆಟ್ಟೋಗಳ ನಡುವೆ ಯಹೂದಿ ಓಡಾಡೋ ಹಾಗಿಲ್ಲ, ಸಿಕ್ರೆ ಸಾವು, ಟೆಲಿಫೋನ್ ಇಲ್ಲ, ಕಾಗದ ಬರೆದ್ರೆ ತೆರೆದು ಓದ್ತಾರೆ.

ಶ್ಮಿಡ್ ಮನೆಯಲ್ಲಿ ಹರ್ಮನ್ ಆಡ್ಲರ್ ಅಂತ ಯಹೂದಿ ಕವಿ, ಅವನ ಹೆಂಡತಿ ಅನಿಟಾ ಅಡಗಿದ್ರು. ಅವರ ಮೂಲಕ ಮೊರ್ದೆಖಾಯ್ ಟೆನೆನ್‌ಬಾಮ್ ಪರಿಚಯ ಆಯ್ತು, ದ್ರೋರ್ ಅನ್ನೋ ಯುವಸಂಘದ ನಾಯಕ, ಇನ್ನೂ 25ರ ಹುಡುಗ. 1941ರ ಡಿಸೆಂಬರ್ 31ರ ರಾತ್ರಿ ಶ್ಮಿಡ್ ಮನೆಯಲ್ಲೇ ಇವರೆಲ್ಲ ಸೇರಿದ್ರು. ಹೊರಗಿಂದ ನೋಡಿದೋರಿಗೆ ಜರ್ಮನ್ ಸಾರ್ಜೆಂಟ್ ಮನೆಯಲ್ಲಿ ಹೊಸವರ್ಷದ ಪಾರ್ಟಿ, ಒಳಗೆ ವಿಲ್ನಾದಿಂದ ಯಾರನ್ನ ಎಲ್ಲಿಗೆ ಕಳಿಸ್ಬೇಕು, ಬಿಯಾಲಿಸ್ಟಾಕ್, ವಾರ್ಸಾದಲ್ಲಿ ಹೋರಾಟ ಹೇಗೆ ಕಟ್ಟಬೇಕು ಅನ್ನೋ ಮಾತುಕತೆ. ಅದೇ ರಾತ್ರಿ ಘೆಟ್ಟೋ ಒಳಗೆ ಇನ್ನೊಂದು ಸಭೆಯಲ್ಲಿ ಕೊವ್ನರ್ (ಮಂಗ್ಳೂರಿನವರು ಹೇಳಿದ ಕಾನ್ವೆಂಟ್ ಕವಿ) ತನ್ನ ಘೋಷಣೆ ಓದಿದ, ಹಿಟ್ಲರ್ ಯೂರೋಪಿನ ಎಲ್ಲಾ ಯಹೂದಿಗಳನ್ನ ಕೊಲ್ಲೋಕೆ ಯೋಜನೆ ಹಾಕಿದಾನೆ, ಕುರಿಗಳ ಹಾಗೆ ಹೋಗೋದು ಬೇಡ, ಎದುರು ನಿಲ್ಲೋಣ ಅಂತ. ಮೂರು ವಾರ ಕಳೆದು ಜನವರಿ 21ಕ್ಕೆ ವಿಲ್ನಾದಲ್ಲಿ ಪಾರ್ಟಿಜನ್ (ಗೆರಿಲ್ಲಾ ಹೋರಾಟಗಾರರ) ಸಂಘಟನೆ ಹುಟ್ಟಿತು.

ಟೆನೆನ್‌ಬಾಮ್ ಗುಂಪು ಹೊರಗೆ ಹೋಗಿದ್ದು ಶ್ಮಿಡ್ ಲಾರಿಯಲ್ಲಿ. ಬಿಯಾಲಿಸ್ಟಾಕ್, ಅಲ್ಲಿಂದ ವಾರ್ಸಾ. ಅಲ್ಲಿ ಹೋಗಿ ಪೊನಾರಿ ಬಗ್ಗೆ ಬಾಯಿಬಿಟ್ಟು ಹೇಳಿದವರು ಇವರು. 1942ರ ಜುಲೈನಲ್ಲಿ ವಾರ್ಸಾದಲ್ಲಿ ಯಹೂದಿ ಹೋರಾಟ ಸಂಘಟನೆ ಕಟ್ಟಿದವರಲ್ಲಿ ಟೆನೆನ್‌ಬಾಮ್ ಒಬ್ಬ, ಮುಂದಿನ ಏಪ್ರಿಲ್ 19ಕ್ಕೆ ಅದೇ ಸಂಘಟನೆ ಜರ್ಮನ್ನರ ಮೇಲೆ ಗುಂಡು ಹಾರಿಸಿತು. ಅಷ್ಟೊತ್ತಿಗೆ ಟೆನೆನ್‌ಬಾಮ್ ಬಿಯಾಲಿಸ್ಟಾಕ್‌ಗೆ ವಾಪಸ್ ಬಂದಿದ್ದ, 1943ರ ಆಗಸ್ಟ್ 16ಕ್ಕೆ ಅಲ್ಲಿಯ ದಂಗೆ ನಡೆಸಿದ್ದೂ ಅವನೇ, ಅಲ್ಲೇ ಸತ್ತ. ಈ ದಂಗೆಗಳು ಶ್ಮಿಡ್‌ನಿಂದಾನೇ ಆದ್ವು ಅಂತ ನಾನು ಹೇಳಲ್ಲ, ಅದು ಆ ಹುಡುಗರ ಸಾಹಸ. ಆದ್ರೆ ಸಾಕ್ಷಿ ಹೇಳೋರನ್ನ ಸುಳ್ಳು ಅಂತ ಅನ್ನೋಕಾಗದೇ ಇರೋ ಹಾಗೆ ಜೀವಂತವಾಗಿ ತಲುಪಿಸಿದ್ದು ಒಬ್ಬ ಜರ್ಮನ್ ಸಾರ್ಜೆಂಟು. ಲಿಡಾಗೆ ಹೋದೋರಲ್ಲಿ ಎಷ್ಟೋ ಜನ ಆಮೇಲೆ ಸತ್ರು ನಿಜ, ಹೇಳೋಕೆ ಹೊಟ್ಟೆ ಉರಿಯುತ್ತೆ. ಲಾರಿಯಲ್ಲಿ ಹೋದ ಆ ಸುದ್ದಿ ಮಾತ್ರ ವಾರ್ಸಾ ಮುಟ್ಟಿತ್ತು.

ಎಚ್ಚರಿಕೆಯಿಂದ ಇರು ಅಂತ ಸ್ನೇಹಿತರು ಹೇಳಿದಾಗ ಅವನು ಕೊಟ್ಟ ಉತ್ತರಾನ ಆಡ್ಲರ್ ಯುದ್ಧ ಆದ್ಮೇಲೆ ಹೇಳಿದಾನೆ. ಸಾಯೋದಂತೂ ಎಲ್ಲರೂ ಸಾಯ್ಲೇಬೇಕು, ಕೊಲೆಗಾರನಾಗಿ ಸಾಯೋದಾ ಸಹಾಯ ಮಾಡಿದವನಾಗಿ ಸಾಯೋದಾ ಅಂದ್ರೆ ನಾನು ಎರಡನೇದು ತಗೋತೀನಿ ಅಂತ.

ನೇರಮಾತು ಬರೆದದ್ದು:

ಸುದ್ದಿ ತಲುಪಿಸಿದ್ದು ಅನ್ನೋ ಕೋನದಿಂದ ನಾನು ನೋಡಿರ್ಲಿಲ್ಲ, ಥ್ಯಾಂಕ್ಸ್. ಲಿಡಾದವರ ಪ್ರಶ್ನೆ ನನಗೆ ಹಾಗೇ ಉಳಿಯುತ್ತೆ, ಆದ್ರೆ ಅದಕ್ಕೆ ಉತ್ತರ ಕೊಡ್ಬೇಕಾದೋರು ಕೊಂದವರು, ಶ್ಮಿಡ್ ಅಲ್ಲ. ಅವನ ಹೆಂಡತಿ ಮಗಳು ಏನಾದ್ರು?

ಡಾನ್ಯೂಬ್_ಕನ್ನಡತಿ ಬರೆದದ್ದು:

ಇದಕ್ಕೆ ನಾನು ಹೇಳ್ತೀನಿ, ನಾವು ವಿಯೆನ್ನಾದಲ್ಲಿ ಇರೋದು. ಶ್ಮಿಡ್ ಅಂಗಡಿ ಇದ್ದಿದ್ದು ಇಲ್ಲಿಯ 20ನೇ ಜಿಲ್ಲೆ, ಬ್ರಿಗಿಟೆನಾವ್‌ನಲ್ಲಿ. ಕಾಲುವೆ ಪಕ್ಕದ ವಾಕಿಂಗ್ ದಾರಿಗೆ ಈಗ ಅವರ ಹೆಸರಿದೆ, ನಗರಸಭೆ ಕಟ್ಟಿಸಿದ ಮನೆಗಳ ಒಂದು ಸಮುಚ್ಚಯಕ್ಕೂ ಅವರದೇ ಹೆಸರು. ನೋಡಿದ್ರೆ ಊರು ಮೊದಲಿಂದಾನೂ ತಲೆ ಮೇಲೆ ಹೊತ್ಕೊಂಡು ಮೆರೆಸಿದೆ ಅನ್ಸುತ್ತೆ, ಆದ್ರೆ ಗಂಡ ಸತ್ತಾಗ ಸ್ಟೆಫಾನಿ ಅವರಿಗೆ ಸಿಕ್ಕಿದ್ದೇ ಬೇರೆ. ದ್ರೋಹಿ ಹೆಂಡತಿ ಅಂತ ಅಕ್ಕಪಕ್ಕದವರು ಬೈದ್ರು, ಮನೆ ಕಿಟಕಿ ಗಾಜು ಒಡೆದ್ರು. ಗಂಡ ಯಾಕೆ ಸತ್ತ, ಎಷ್ಟು ಜನರಿಗೆ ಏನೇನು ಮಾಡಿದ ಅನ್ನೋದು ಅವರಿಗೆ ಸರಿಯಾಗಿ ಗೊತ್ತಾಗಿದ್ದು ಯುದ್ಧ ಮುಗಿದ ಮೇಲೆ ಆಡ್ಲರ್ ಹುಡುಕ್ಕೊಂಡು ಬಂದು ಹೇಳಿದಾಗ. ಊಹೆ ಮಾಡಿ, ಒಬ್ಬ ಹೆಂಗಸು ಮಗಳನ್ನ ಕಟ್ಕೊಂಡು ಅಷ್ಟು ವರ್ಷ ಆ ಮಾತು ಕೇಳ್ಕೊಂಡು ಬದುಕಿದ್ದು! ಎಲ್ರೂ ಶ್ಮಿಡ್ ತ್ಯಾಗ ಅಂತಾರೆ, ಈಯಮ್ಮನ ಪಾಡು ಯಾರೂ ಬರೆಯಲ್ಲ ಅಂತ ನನಗೆ ತುಂಬಾ ಸಂಕಟ.

1961ರಲ್ಲಿ ಜೆರುಸಲೆಂನಲ್ಲಿ ಯಹೂದಿಗಳನ್ನ ಸಾವಿನ ಶಿಬಿರಗಳಿಗೆ ಸಾಗಿಸೋ ಕೆಲಸ ನಡೆಸಿದ್ದ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆ ನಡೆದಾಗ ಕೊವ್ನರ್ ಸಾಕ್ಷಿ ಹೇಳೋಕೆ ಬಂದು, ಐಖ್‌ಮನ್ ಅನ್ನೋ ಹೆಸರನ್ನ ತಾನು ಮೊದಲು ಕೇಳಿದ್ದೇ ಶ್ಮಿಡ್ ಬಾಯಿಂದ ಅಂತ ಹೇಳಿದ್ರು. ಶ್ಮಿಡ್ ಇದನ್ನೆಲ್ಲ ದುಡ್ಡಿಗೋಸ್ಕರ ಮಾಡ್ಲಿಲ್ಲ ಅಂತಾನೂ ಹೇಳಿದ್ರು. ಅಲ್ಲಿ ಕೂತು ವರದಿ ಮಾಡ್ತಿದ್ದ ಹನ್ನಾ ಅರೆಂಟ್ ಬರ್ದಿದಾರೆ, ಕೋರ್ಟಿನಲ್ಲಿದ್ದ ಜನ ಆ ಸಾರ್ಜೆಂಟ್‌ಗೆ ಗೌರವ ಕೊಡೋ ಹಾಗೆ ಆ ಕೆಲವು ನಿಮಿಷ ಮೌನವಾಗಿ ಕೂತ್ಬಿಟ್ರಂತೆ. 1964ರಲ್ಲಿ ಯಾದ್ ವಾಶೆಮ್ ಗೌರವ ಕೊಡ್ತು. 1965ರಲ್ಲಿ ನಾಜಿ ಅಪರಾಧಿಗಳನ್ನ ಹುಡುಕ್ತಿದ್ದ ಸೈಮನ್ ವೀಸೆಂಟಾಲ್ ಓಡಾಡಿ ಸೋವಿಯತ್ ವೀಸಾ ಕೊಡಿಸಿ ಸ್ಟೆಫಾನಿ ಮತ್ತೆ ಮಗಳು ವಿಲ್ನಿಯಸ್‌ಗೆ ಹೋಗಿ ಸಮಾಧಿ ನೋಡೋ ಹಾಗೆ ಮಾಡಿದ್ರು, ಹೊಸ ಕಲ್ಲೂ ಹಾಕಿಸಿದ್ರು.

ಮಾಜಿ_ಹವಾಲ್ದಾರ್ ಬರೆದದ್ದು:

ಅಮ್ಮಾ, ಆ ತಾಯಿ ಬಗ್ಗೆ ಬರೆದಿದ್ದಕ್ಕೆ ನಮಸ್ಕಾರ. ಸೈನಿಕರ ಮನೆಯವರ ಪಾಡು ನಮಗೆ ಗೊತ್ತು.

ಒಂದು ವಿಷಯ ಸೇರಿಸ್ತೀನಿ. ಜರ್ಮನ್ ಸೇನೆಯೇ 2000ನೇ ಇಸವಿ ಮೇ 8ಕ್ಕೆ, ಯುದ್ಧ ಮುಗಿದ ದಿನದಂದೇ, ರೆಂಡ್ಸ್‌ಬರ್ಗ್ ಊರಿನ ಒಂದು ಬ್ಯಾರಕ್‌ಗೆ ಶ್ಮಿಡ್ ಹೆಸರಿಟ್ಟಿತು. ಅದಕ್ಕಿಂತ ಮುಂಚೆ ಆ ಬ್ಯಾರಕ್‌ಗೆ ಇದ್ದಿದ್ದು ರ‍್ಯೂಡೆಲ್ ಅನ್ನೋ ಜನರಲ್ ಹೆಸರು, ಹಿಟ್ಲರ್ ಕಾಲದಲ್ಲಿ ವಿರೋಧಿಗಳನ್ನ ಶಿಕ್ಷಿಸ್ತಿದ್ದ ಪೀಪಲ್ಸ್ ಕೋರ್ಟಿನಲ್ಲಿ ಜಡ್ಜಾಗಿ ಕೂತವನು. ಜನರಲ್ ಹೆಸರು ತೆಗೆದು ಹವಾಲ್ದಾರ್ ಹೆಸರು ಹಾಕೋದು ಸೇನೆಯಲ್ಲಿ ಸಣ್ಣ ಮಾತಲ್ಲ. ಆ ಬ್ಯಾರಕ್ ಆಮೇಲೆ ಮುಚ್ಚಿತು, ಹೆಸರು ಹೋಗಬಾರ್ದು ಅಂತ 2016ರಲ್ಲಿ ಬ್ಲಾಂಕೆನ್‌ಬರ್ಗ್‌ನ ಇನ್ನೊಂದು ಬ್ಯಾರಕ್‌ಗೆ ಇಟ್ಟಿದಾರೆ.

ಕಡಲತೀರ_ಮಂಗ್ಳೂರು ಬರೆದದ್ದು:

ಹಳೇಪುಟ ಅವ್ರೇ, ಇದೇ ವಿಲ್ನಾದಲ್ಲಿ ಕಾರ್ಲ್ ಪ್ಲಾಗೆ ಅಂತ ಒಬ್ಬ ಮೇಜರ್ ಕೂಡ ಇದ್ರಲ್ವಾ, ಸೇನೆಯ ವಾಹನ ರಿಪೇರಿ ಘಟಕದಲ್ಲಿ ಯಹೂದಿಗಳಿಗೆ ಕೆಲಸ ಕೊಟ್ಟು ಉಳಿಸಲಿಕ್ಕೆ ನೋಡಿದವರು. ಅವರ ಬಗ್ಗೆಯೂ ಬರೀರಿ. ಕಾನ್ವೆಂಟಿನ ಮದರ್ ಬಗ್ಗೆ ನಾನೇ ಬೇರೆ ಥ್ರೆಡ್ ಹಾಕ್ತೇನೆ, ಗ್ರೆನೇಡ್ ವಿಷಯ ಅಷ್ಟು ಚಿಕ್ಕದಾಗಿ ಬಿಡಲಿಕ್ಕೆ ಮನಸ್ಸು ಬರುವುದಿಲ್ಲ.

ಹಳೇಪುಟ ಬರೆದದ್ದು:

ಖಂಡಿತ ಹಾಕಿ ಅಕ್ಕ, ಕಾಯ್ತಿರ್ತೀನಿ. ಪ್ಲಾಗೆ ಬಗ್ಗೆ ನಾನು ಬರೀತೀನಿ, ಅವರು ಯುದ್ಧ ಮುಗಿದ ಮೇಲೂ ಬದುಕಿದ್ರು, ಜರ್ಮನಿಯಲ್ಲಿ ವಿಚಾರಣೆ ಆದಾಗ ಅವರು ಉಳಿಸಿದ ಯಹೂದಿಗಳೇ ಬಂದು ಅವರ ಪರ ಮಾತಾಡಿದ್ರು, ಅದೇ ಒಂದು ದೊಡ್ಡ ಕಥೆ. ಮಲಪ್ರಭಾ ಮೇಡಂ, ಯೇಗರ್‌ಶ್ಟೆಟರ್ ಹೆಂಡತಿ ಫ್ರಾಂಟ್ಸಿಸ್ಕಾ ಬಗ್ಗೆ ನೀವು ಬರೀಬೇಕು, ನಿಮ್ಮ ಭಾಷೆಯಲ್ಲೇ.